ಒಂಚೂರು ಅಂದ್ರೆ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನಲ್ಲಿ ದಿನಕ್ಕೆ ಹತ್ತಾರು ಸಲ ಬರುವ ಪದ ಇದು. ಬರಹದಲ್ಲಿ ಮಾತ್ರ ಅಷ್ಟಾಗಿ ಕಾಣಿಸುವುದಿಲ್ಲ. ಕನ್ನಡ ಕಲಿಯುತ್ತಿರುವವರು ಕೇಳಿದ್ದು, ಪತ್ರದಲ್ಲಿ ಬಂದದ್ದು, ಊಟಕ್ಕೆ ಕೂತಾಗ ಸುಮ್ನೆ ವಾದಕ್ಕೆ ಇಳಿದವರು ಎತ್ತಿದ್ದು, ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಕೊನೆಗೆ.

## ಶುರುವಿಗೆ

"ಒಂಚೂರು" ಅಂದ್ರೆ ಸರಿಯಾಗಿ ಎಷ್ಟು?

ಲೆಕ್ಕ ಇಲ್ಲ. ಯಾವುದರ ಚೂರು ಅನ್ನುವುದರ ಮೇಲೆ ಹೋಗುತ್ತದೆ. ಒಂಚೂರು ಉಪ್ಪು ಅಂದರೆ ಬೆರಳ ತುದಿಗೆ ಹತ್ತುವಷ್ಟು. ಒಂಚೂರು ಅನ್ನ ಅಂದರೆ ಅರ್ಧ ಸೌಟು, ಒಂದು ಸೌಟು. ಒಂಚೂರು ಜಾಗ ಅಂದರೆ ಬಸ್ಸಿನ ಸೀಟಿನ ತುದಿಯಲ್ಲಿ ಒಬ್ಬರು ಹೇಗೋ ಕೂರುವಷ್ಟು. ಒಂಚೂರು ಹೊತ್ತು ಅಂದರೆ ಐದು ನಿಮಿಷವೂ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಇವೆಲ್ಲಕ್ಕೂ ಸಮಾನವಾಗಿರುವುದು ಒಂದೇ: "ಇಷ್ಟು ಕೊಟ್ಟರೆ ನಿಮಗೇನೂ ಕಷ್ಟ ಆಗುವುದಿಲ್ಲ" ಅನ್ನುವ ಭಾವ. ನನ್ನನ್ನು ಕೇಳಿದರೆ ಈ ಪದದ ನಿಜವಾದ ಅಳತೆ ಅದೇ. ಕೆಳಗಿನ ಅರ್ಧಕ್ಕರ್ಧ ಉತ್ತರಗಳು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಚೂರು, ಒಂಚೂರು, ಚೂರೇ ಚೂರು: ಮೂರೂ ಒಂದೇನಾ?

ಪ್ರಮಾಣ ಹೆಚ್ಚು ಕಡಿಮೆ ಒಂದೇ, ಧಾಟಿ ಬೇರೆ. "ಚೂರು ಸರೀರಿ" ಅನ್ನುವುದರಲ್ಲಿ ಅವಸರ ಇದೆ. "ಒಂಚೂರು ಸರೀರಿ" ಅನ್ನುವುದರಲ್ಲಿ ವಿನಂತಿ ಇದೆ. "ಚೂರೇ ಚೂರು" ಅಂದರೆ ಎದುರಿನವರು ಆಗಲೇ ಬೇಡ ಅಂದಿದ್ದಾರೆ, ನೀವು ಚೌಕಾಸಿಗೆ ಇಳಿದಿದ್ದೀರಿ ಅಂತ ಅರ್ಥ. ಇನ್ನೊಂದು ರೂಪವೂ ಇದೆ, "ಚೂರು ಚೂರೇ". ಅದು ಬೇರೆ. ಚೂರು ಚೂರೇ ಕುಡಿ ಅಂದರೆ ಒಟ್ಟಿಗೆ ಎತ್ತಬೇಡ, ನಿಧಾನಕ್ಕೆ ಕುಡಿ ಅಂತ. ಅಲ್ಲಿ ಒಟ್ಟು ಪ್ರಮಾಣ ಒಂದು ಚೊಂಬು ಆದರೂ ಅಡ್ಡಿಯಿಲ್ಲ.

ಬರೆಯುವಾಗ "ಒಂದು ಚೂರು" ಸರಿಯಾ, "ಒಂಚೂರು" ಸರಿಯಾ?

ಎರಡೂ ಸರಿ, ಅರ್ಥ ಮಾತ್ರ ಕೊಂಚ ಸರಿದಿದೆ. "ಗಾಜಿನ ಒಂದು ಚೂರು ಕಾಲಿಗೆ ಚುಚ್ಚಿತು" ಅನ್ನುವಲ್ಲಿ ಚೂರು ಒಂದು ವಸ್ತು. ಎಣಿಸಬಹುದು, ಹೆಕ್ಕಬಹುದು. ಅಲ್ಲಿ "ಗಾಜಿನ ಒಂಚೂರು" ಅಂತ ಯಾರೂ ಹೇಳುವುದಿಲ್ಲ. "ಒಂಚೂರು" ಅಂತ ಕೂಡಿಸಿದ ಕೂಡಲೇ ಎಣಿಕೆ ಹೋಗಿ ಪ್ರಮಾಣ ಬರುತ್ತದೆ. "ಒಂದು ಥರ" ಹೋಗಿ "ಒಂಥರಾ" ಆದಾಗಲೂ ಹೀಗೇ ಆಗಿದೆ. ಒಂದು ಥರದ ಬಟ್ಟೆ ಬೇರೆ, ಒಂಥರಾ ಬಟ್ಟೆ ಬೇರೆ ಅಲ್ವಾ? ಹಾಗಾಗಿ ಮಾತನ್ನು ಮಾತಿನಂತೆ ಬರೆಯುವಲ್ಲಿ ಒಂಚೂರು ಅಂತಲೇ ಬರೆಯಿರಿ. "ಒಂದ್ಚೂರು" ಅನ್ನುವುದು ಕಿವಿಗೆ ಸರಿ, ಕಣ್ಣಿಗೆ ತೊಡಕು.

ಚೂರು ಅಂದರೆ ತುಂಡು. ಹಾಗಿದ್ದರೆ ನೀರಿಗೆ "ಚೂರು ನೀರು" ಅನ್ನೋದು ತಪ್ಪಲ್ವಾ?

ತಪ್ಪಲ್ಲ. ನೀರು ತುಂಡಾಗುವುದಿಲ್ಲ ಅನ್ನುವುದು ನಿಜ. ಆದರೆ ಜನ ಚೂರು ನೀರು, ಚೂರು ಹಾಲು, ಚೂರು ಬಿಸಿಲು, ಚೂರು ನೆಮ್ಮದಿ ಎಲ್ಲವನ್ನೂ ಆರಾಮಾಗಿ ಹೇಳುತ್ತಾರೆ. ಪದ ತನ್ನ ಮೊದಲ ಅರ್ಥವನ್ನು ದಾಟಿ ಬಂದಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಚಿಟಿಕೆ, ಹನಿ, ತೊಟ್ಟು, ಗುಟುಕು ಎಲ್ಲ ಇರುವಾಗ ಚೂರು ಯಾಕೆ ಬೇಕು?

ಅವೆಲ್ಲ ಒಂದೊಂದು ಕೆಲಸಕ್ಕೆ ಕಟ್ಟುಬಿದ್ದ ಪದಗಳು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿಯುವ ಪುಡಿ ಚಿಟಿಕೆ. ಬೆರಳಲ್ಲಿ ಸದ್ದು ಮಾಡಿದರೆ ಅದೂ ಚಿಟಿಕೆಯೇ, ಅಲ್ಲಿ ಮಾತ್ರ ಹೆಬ್ಬೆರಳಿಗೆ ಸಾಮಾನ್ಯವಾಗಿ ನಡುಬೆರಳು ಜೊತೆ. ತಾನಾಗಿ ಬೀಳುವುದು ಹನಿ. ಗಂಟಲಿಗೆ ಬಿಡುವುದು ತೊಟ್ಟು. ಒಂದು ಸಲ ನುಂಗುವುದು ಗುಟುಕು. ತಟ್ಟೆಯಲ್ಲಿ ಉಳಿಯುವುದು ಅಗುಳು. ಬೆಲ್ಲದ ಚಿಟಿಕೆ ಅನ್ನುವುದಕ್ಕೆ ಆಗುವುದಿಲ್ಲ, ಅರಿಶಿನದ ಗುಟುಕು ಅನ್ನುವುದಕ್ಕೂ ಆಗುವುದಿಲ್ಲ. ಚೂರಿಗೆ ಈ ಕಟ್ಟುಪಾಡು ಇಲ್ಲ. ಕೈ, ಬಾಯಿ, ಪಾತ್ರೆ ಯಾವುದನ್ನೂ ಅದು ನೆನಪಿಸುವುದಿಲ್ಲ. ಅದಕ್ಕೇ ಬುದ್ಧಿ, ನಿದ್ದೆ, ಸಮಯದಂಥ ಕೈಗೆ ಸಿಗದ ಸಂಗತಿಗಳಿಗೂ ಅದು ಹೊಂದುತ್ತದೆ.

## ಎಲ್ಲಿಂದ ಬಂತು

ಚೂರು ಅಚ್ಚಗನ್ನಡದ್ದಾ, ಸಂಸ್ಕೃತದ್ದಾ?

ಸಂಸ್ಕೃತದ "ಚೂರ್ಣ"ದ ಬಳಗದ್ದು. ಚೂರ್ಣ ಅಂದರೆ ಅರೆದದ್ದು, ಕುಟ್ಟಿದ್ದು, ಪುಡಿ. ಆಯುರ್ವೇದದ ಅಂಗಡಿಯಲ್ಲಿ ಇವತ್ತಿಗೂ ಅದೇ ಹೆಸರು. ಹಿಂದಿಯ "ಚೂರಾ", ಮರಾಠಿಯ "ಚುರಾ" ಇದರ ದಾಯಾದಿಗಳು. ಅಲ್ಲಿ ಪುಡಿ ಅನ್ನುವ ಅರ್ಥವೇ ಗಟ್ಟಿ. ಕನ್ನಡದಲ್ಲಿ ಪುಡಿಗಿಂತ ಒಂದು ಮೆಟ್ಟಿಲು ದೊಡ್ಡದಾಗಿ, ಒಡೆದ ತುಂಡು ಅಂತ ಆಯಿತು. ತಟ್ಟೆ ಕೈಜಾರಿ ಚೂರು ಚೂರಾಗುತ್ತದೆ, ಪುಡಿ ಪುಡಿಯಾಗಬೇಕಾದರೆ ಇನ್ನೂ ಜೋರಾಗಿ ಬೀಳಬೇಕು.

ಇದೇ ಚೂರ್ಣ ಇನ್ನೊಂದು ದಾರಿಯಲ್ಲೂ ಕನ್ನಡಕ್ಕೆ ಬಂದಿದೆ. ಪ್ರಾಕೃತದಲ್ಲಿ "ಚುಣ್ಣ" ಆಗಿ, ನಮ್ಮಲ್ಲಿ "ಸುಣ್ಣ" ಆಯಿತು. ಶಾಲೆಯ ತತ್ಸಮ-ತದ್ಭವ ಪಟ್ಟಿಯಲ್ಲಿ ಚೂರ್ಣ-ಸುಣ್ಣ ಜೋಡಿಯನ್ನು ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು. ಅಂದರೆ ಎಲೆಗೆ ಒಂಚೂರು ಸುಣ್ಣ ಹಚ್ಚುವಾಗ ಒಂದೇ ಮನೆಯ ಇಬ್ಬರನ್ನು ಕರೆದಂತಾಯಿತು.

ಚೂರು ಮಾಡುವುದು ಚೂರಿ. ಹಾಗಾಗಿ ಚೂರಿಯಿಂದಲೇ ಚೂರು ಬಂತು ಅಂತಾರಲ್ಲ?

ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಹಾಗಲ್ಲ. ಚೂರಿಯ ಹಿಂದೆ ಇರುವುದು ಸಂಸ್ಕೃತದ "ಛುರಿಕಾ". ಅದರ ಬೇರು "ಕ್ಷುರ", ಅಂದರೆ ಬೋಳಿಸುವ ಕತ್ತಿ. ಕ್ಷೌರ, ಕ್ಷೌರಿಕ ಬಂದದ್ದೂ ಅಲ್ಲಿಂದಲೇ. ಹಾಗಾಗಿ ಚೂರಿಯ ನೆಂಟಸ್ತಿಕೆ ಕ್ಷೌರದಂಗಡಿಯ ಕಡೆಗೆ, ಚೂರಿನದು ಒರಳಿನ ಕಡೆಗೆ. ಈಗ ಎರಡೂ ಒಂದೇ ಥರ ಕೇಳಿಸುವುದು ಆಕಸ್ಮಿಕ.

ಸ್ವಲ್ಪ ಅನ್ನೋದೂ ಇದೇ ಅರ್ಥ. ಅದರ ಮೂಲ ಏನು?

ಸು + ಅಲ್ಪ. ಉಕಾರದ ಮುಂದೆ ಅಕಾರ ಬಂದು ವಕಾರವಾಗುವ ಯಣ್ ಸಂಧಿ. "ಸು" ಅಂದರೆ ಒಳ್ಳೆಯದು ಅಂತ ನಮಗೆ ಗೊತ್ತು: ಸುಗಂಧ, ಸುದಿನ. ಇಲ್ಲಿ ಅದು "ಬಹಳ" ಅನ್ನುವ ಅರ್ಥದಲ್ಲಿದೆ. ಹಾಗಾಗಿ ಸ್ವಲ್ಪ ಅಂದರೆ ಮೂಲದಲ್ಲಿ ಬಹಳ ಕಡಿಮೆ. ಅದು ಸವೆದು ಸವೆದು ಈಗ ಬರೀ ಕಡಿಮೆ ಅನ್ನುವಲ್ಲಿಗೆ ನಿಂತಿದೆ. ಬೆಂಗಳೂರಿನ "ಸ್ವಲ್ಪ ಅಡ್ಜಸ್ಟ್ ಮಾಡಿ"ಯಲ್ಲಿ ಅಷ್ಟೂ ಉಳಿದಿಲ್ಲ. ಅಲ್ಲಿ ಅಡ್ಜಸ್ಟ್ ಮಾಡಬೇಕಾದದ್ದು ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ.

## ಊರೂರಿನ ಮಾತು

ನಮ್ಮ ಕಡೆ ಚೂರು ಅನ್ನಲ್ಲ, "ಒಸಿ" ಅಂತೀವಿ. ಬೇರೆ ಕಡೆ ಏನಂತಾರೆ?

ಒಸಿ, ವಸಿ ಅನ್ನುವುದು ಮಂಡ್ಯ, ಮೈಸೂರು ಸೀಮೆಯದು. "ಒಸಿ ತಡಿ", "ಒಸಿ ಇತ್ತಾಗ್ ಬಾ" ಅಂದರೆ ಆ ಕಡೆಯವರು ಅಂತ ಗೊತ್ತಾಗಿಬಿಡುತ್ತದೆ. ಅದೇ ಹಳೇ ಮೈಸೂರಿನಲ್ಲಿ "ರವಷ್ಟು" ಕೂಡ ಕೇಳುತ್ತೀರಿ, ರವೆಯ ಕಾಳಿನಷ್ಟು ಅಂತ. ಮಲೆನಾಡು, ಕರಾವಳಿಯ ಕನ್ನಡದಲ್ಲಿ ಚೂರಿಗೆ ಬಳಕೆ ಜಾಸ್ತಿ. ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರ ಮನೆಮಾತಿನಲ್ಲಿ "ರಜ್ಜ". ಪಕ್ಕದ ತುಳುವಿನಲ್ಲಿ "ಒಂತೆ". ಉತ್ತರ ಕರ್ನಾಟಕಕ್ಕೆ ಹೋದರೆ "ತುಸು" ಮಾತಿನಲ್ಲೇ ಓಡಾಡುತ್ತದೆ. ಉಳಿದ ಕಡೆ ಅದು ಪುಸ್ತಕದ ಪದ ಆಗಿದೆ.

ಉತ್ತರದ "ಜರಾ" ಬಗ್ಗೆ ಬೇರೆಯೇ ಹೇಳಬೇಕು. "ಜರಾ ಸರೀರಿ", "ಜರಾ ನೋಡ್ರಿ". ಇದು ಉರ್ದು-ಹಿಂದಿಯ ದಾರಿಯಲ್ಲಿ ಬಂದದ್ದು. ಅದರ ಹಿಂದೆ ಪಾರ್ಸಿ, ಅದರ ಹಿಂದೆ ಅರಬ್ಬಿಯ "ಜರ್ರಾ", ಅಂದರೆ ಕಣ. ಚೂರಿನ ಕಥೆಯೇ ಬೇರೆ ಭಾಷೆಯಲ್ಲಿ ನಡೆದಿದೆ ನೋಡಿ. ಮೊದಲು ಕಣ್ಣಿಗೆ ಕಾಣುವ ಒಂದು ಕಣ, ಆಮೇಲೆ ಕಡಿಮೆ ಪ್ರಮಾಣ, ಕೊನೆಗೆ ಮರ್ಯಾದೆಯ ಮಾತು. ರವೆಯೂ ಹೊರಟದ್ದು ಅದೇ ದಾರಿಯಲ್ಲಿ, ಮರ್ಯಾದೆಯ ತನಕ ತಲುಪಿಲ್ಲ ಅಷ್ಟೇ. "ರವಷ್ಟು ಬನ್ನಿ" ಅಂತ ಯಾರೂ ಕರೆಯುವುದಿಲ್ಲ.

"ಕೊಂಚ" ತಮಿಳಿನದ್ದಾ?

ತಮಿಳಿನ ಕೊಂಜಂ, ತೆಲುಗಿನ ಕೊಂಚೆಂ, ಕನ್ನಡದ ಕೊಂಚ ಮೂರೂ ಒಂದೇ ಬೇರಿನ ದ್ರಾವಿಡ ಪದಗಳು. ಯಾರೂ ಯಾರಿಂದಲೂ ಕದ್ದಿಲ್ಲ. ವ್ಯತ್ಯಾಸ ಬಳಕೆಯಲ್ಲಿದೆ. ಅವರಿಬ್ಬರಿಗೂ ಅದು ದಿನನಿತ್ಯದ ಮಾತು. ನಮಗೆ ಮಾತ್ರ "ಚಿನ್ನದ ಬೆಲೆ ಕೊಂಚ ಇಳಿಕೆ" ಅನ್ನುವ ಪತ್ರಿಕೆಯ ತಲೆಬರಹದ ಪದ ಆಗಿಹೋಯಿತು.

## ಬಳಕೆಯ ಒಳಗುಟ್ಟು

"ಒಂಚೂರು ಬನ್ನಿ" ಅಂತಾರೆ. ಒಂಚೂರು ಬರೋದು ಹೇಗೆ? ಬಂದರೆ ಪೂರ್ತಿ ಬರಬೇಕಲ್ವಾ?

ಕನ್ನಡ ಕಲಿಯುವವರು ಕೇಳಿಯೇ ಕೇಳುವ ಪ್ರಶ್ನೆ. ಹುಟ್ಟಾ ಕನ್ನಡಿಗರಿಗೆ ಹೊಳೆಯದ ಪ್ರಶ್ನೆಯೂ ಹೌದು. ಇಲ್ಲಿ ಚೂರು ಅಂಟಿಕೊಂಡಿರುವುದು ಬರುವ ಕೆಲಸಕ್ಕಲ್ಲ. ಕೇಳುವವರು ತಮ್ಮ ಬೇಡಿಕೆಯನ್ನು ಚಿಕ್ಕದು ಮಾಡಿ ಮುಂದಿಡುತ್ತಿದ್ದಾರೆ. "ಒಂಚೂರು ಸಹಿ ಹಾಕಿ ಕೊಡ್ತೀರಾ?" ಅಂದರೆ ಅರ್ಧ ಸಹಿ ಸಾಕು ಅಂತಲ್ಲ, ನಿಮ್ಮ ಹೊತ್ತು ಹೆಚ್ಚು ತೆಗೆದುಕೊಳ್ಳುವುದಿಲ್ಲ ಅಂತ.

ಕನ್ನಡದ ಆಡುಮಾತಿನಲ್ಲಿ "ದಯವಿಟ್ಟು" ಬಹಳ ಕಡಿಮೆ. ಅದು ರೈಲ್ವೆ ನಿಲ್ದಾಣದ ಪ್ರಕಟಣೆಗೆ, ಅರ್ಜಿಗೆ, ಗೋಡೆಯ ಮೇಲಿನ ಸೂಚನೆಗೆ ಸರಿ. ಮನೆಯಲ್ಲಿ ಯಾರಾದರೂ "ದಯವಿಟ್ಟು ನೀರು ಕೊಡಿ" ಅಂದರೆ ಏನೋ ಜಗಳ ಆಗಿದೆ ಅಂತಲೇ ಲೆಕ್ಕ. ಆ ಜಾಗದಲ್ಲಿ ಕೆಲಸ ಮಾಡುವುದು ಒಂಚೂರು, ಸ್ವಲ್ಪ, ಒಸಿ, ಜರಾ. ತಮಿಳಿನ ಕೊಂಜಂ, ಹಿಂದಿಯ ಜರಾ ಕೂಡ ಅವರವರ ಮನೆಯಲ್ಲಿ ಇದೇ ಕೆಲಸಕ್ಕಿವೆ.

ಯಾವುದಾದರೂ ಕಚೇರಿಯ ಕೌಂಟರಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಕಡತ ಹಿಡಿದು ಬಂದವರು, "ಸಾರ್, ಇದೊಂಚೂರು ನೋಡ್ತೀರಾ?" ಗುಮಾಸ್ತರು ತಲೆ ಎತ್ತದೆ, "ಒಂಚೂರು ಕೂತ್ಕೊಳ್ಳಿ." ಎರಡೂ ಕಡೆ ಅದೇ ಪದ. ಮೊದಲನೆಯದು ಎರಡು ನಿಮಿಷದ್ದು. ಎರಡನೆಯದು ಊಟದ ವಿರಾಮದ ತನಕವೂ ಹೋಗಬಹುದು. ಆದರೂ ಬಂದವರು ಕೂರುತ್ತಾರೆ. "ಕೂತ್ಕೊಳ್ಳಿ" ಅಂತ ಬರೀ ಹೇಳಿದ್ದರೆ ಮುಖ ಸಪ್ಪಗಾಗುತ್ತಿತ್ತು.

ಹಾಗಾದರೆ ಒಂಚೂರು ಹಾಕಿದರೆ ಯಾವಾಗಲೂ ಮರ್ಯಾದೆನಾ?

ಇಲ್ಲ. "ಒಂಚೂರು ಸುಮ್ನಿರ್ತೀಯಾ?" ಅಂದರೆ ಅದು ಬೈಗುಳದ ಪಕ್ಕದ ಮನೆ. ದನಿ ಏರಿಸಿ ಹೇಳಿದ ಒಂಚೂರು, ಸಿಟ್ಟನ್ನು ಕಷ್ಟಪಟ್ಟು ತಡೆದುಕೊಂಡಿದ್ದೇನೆ ಅನ್ನುವ ಎಚ್ಚರಿಕೆ.

"ಉಪ್ಪು ಒಂಚೂರು ಮುಂದಾಗಿದೆ" ಅಂದರೆ ನಿಜವಾಗಿ ಎಷ್ಟು ಜಾಸ್ತಿ ಆಗಿರುತ್ತೆ?

ತಿನ್ನಲಾಗದಷ್ಟು ಇದ್ದರೂ ಇದೇ ಮಾತು, ಹೇಳುವವರು ನೆಂಟರಾಗಿದ್ದರೆ. ಅಡುಗೆ ಮಾಡಿದವರು ಎದುರಿಗೇ ಇರುವಾಗ "ಉಪ್ಪು ಜಾಸ್ತಿ" ಅಂತ ನೇರ ಹೇಳುವುದು ಒರಟು. ಅದಕ್ಕೇ ಎರಡು ಮೆತ್ತೆ: ಜಾಸ್ತಿ ಬದಲು "ಮುಂದಾಗಿದೆ", ಅದರ ಹಿಂದೆ "ಒಂಚೂರು". "ಅವರು ಒಂಚೂರು ಸಿಟ್ಟಿನವರು", "ಆ ಹುಡುಗ ಓದಿನಲ್ಲಿ ಒಂಚೂರು ಹಿಂದೆ" ಅನ್ನುವುದೂ ಹೀಗೇ. ಒಬ್ಬರ ಕೊರತೆ ಹೇಳುವಾಗ ಒಂಚೂರು ಬಂತೆಂದರೆ ಪ್ರಮಾಣವನ್ನು ನೀವೇ ಏರಿಸಿಕೊಂಡು ಕೇಳಬೇಕು.

ಬಡಿಸುವವರು "ಇನ್ನೊಂಚೂರು" ಅಂತ ಪೂರ್ತಿ ಸೌಟು ಸುರಿದುಬಿಡ್ತಾರೆ. ತಪ್ಪಿಸಿಕೊಳ್ಳೋದು ಹೇಗೆ?

ಮಾತಿನಿಂದ ಆಗುವುದಿಲ್ಲ. "ಇನ್ನೊಂಚೂರು" ಅನ್ನುವುದು ಪ್ರಶ್ನೆಯ ವೇಷದಲ್ಲಿರುವ ಹೇಳಿಕೆ. ಆ ಪದ ಬಾಯಿಂದ ಬೀಳುವ ಹೊತ್ತಿಗೆ ಸೌಟು ಆಗಲೇ ಎಲೆಯ ಮೇಲೆ ವಾಲಿರುತ್ತದೆ. "ಸಾಕು" ಒಂದು ಸಲ ಅಂದರೆ ಸಂಕೋಚ ಅಂತ ತಿಳಿಯುತ್ತಾರೆ. "ಸಾಕು ಸಾಕು" ಅಂದರೆ ಅರ್ಧ ಸೌಟು ಬೀಳುತ್ತದೆ. ಎಲೆಯ ಮೇಲೆ ಅಡ್ಡ ಕೈ ಹಿಡಿದರಷ್ಟೇ ಕೆಲಸ ಆಗುತ್ತದೆ, ಅದೂ ಹುಳಿ ಬಿಸಿ ಇದ್ದರೆ ಧೈರ್ಯ ಬೇಕು. "ಚೂರೇ ಚೂರು ಹಾಕಿ" ಅಂತ ರಾಜಿಗೆ ಹೋದವರು ಸೋತಂತೆಯೇ.

ಬರಹದಲ್ಲಿ ಬಳಸಬಹುದಾ?

ಕಥೆ, ಪ್ರಬಂಧ, ಗೆಳೆಯರ ಪತ್ರದಲ್ಲಿ ಧಾರಾಳವಾಗಿ. ಅರ್ಜಿ, ವರದಿಯಲ್ಲಿ ಸ್ವಲ್ಪ, ತುಸು, ಅಲ್ಪ ಸಾಕು. ಔಷಧಿಯ ಪ್ರಮಾಣ ಹೇಳುವಾಗ ಇವು ಯಾವುದೂ ಬೇಡ, ಅಂಕಿ ಬರೆಯಿರಿ.

ದುಡ್ಡಿಗೆ ಚೂರು ಅನ್ನಬಹುದಾ?

"ಚೂರು ದುಡ್ಡಿತ್ತು" ಅನ್ನಬಹುದು, ಆದರೆ ಕಡಿಮೆ ದುಡ್ಡಿಗೆ ಕನ್ನಡದಲ್ಲಿ ಬೇರೆಯೇ ಪದಗಳಿವೆ: ಚಿಕ್ಕಾಸು, ಬಿಡಿಗಾಸು, ಪುಡಿಗಾಸು. ಚಿಕ್ಕ ಕಾಸು ಒತ್ತೊತ್ತಾಗಿ ಚಿಕ್ಕಾಸು. ಪುಡಿ + ಕಾಸು ಸೇರುವಾಗ ಕಕಾರ ಗಕಾರ ಆಗಿ ಪುಡಿಗಾಸು, ಶಾಲೆಯ ಆದೇಶ ಸಂಧಿ. ಇಲ್ಲೂ ಪುಡಿ ಬಂತು ನೋಡಿ. ಕಾಸು ಅನ್ನುವುದು ನಿಜವಾದ ತಾಮ್ರದ ನಾಣ್ಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ನಾಣ್ಯಗಳ ಮೇಲೆ "ಮಯಿಲಿ ಕಾಸು" ಅಂತಲೇ ಬರೆದಿದೆ. "ದುಡ್ಡು" ಕೂಡ ಒಂದು ತಾಮ್ರದ ನಾಣ್ಯವೇ. ಅದು ಮೇಲೇರಿ ಹಣಕ್ಕೆಲ್ಲ ಹೆಸರಾಯಿತು, ಕಾಸು ಕೆಳಗೇ ಉಳಿಯಿತು.

"ನಯಾಪೈಸೆ" ಇವರಲ್ಲಿ ಕಿರಿಯ. ಮೊದಲು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. ಹಳೆಯದರ ಜೊತೆ ಗೊಂದಲ ಆಗದಿರಲಿ ಅಂತ ಹೊಸದನ್ನು ನಯಾಪೈಸೆ ಅಂದರು. 1964ರ ಜೂನ್ 1ರಿಂದ ಸರ್ಕಾರ "ನಯಾ" ಕೈಬಿಟ್ಟಿತು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ಕ್ಕೆ ಚಲಾವಣೆಯಿಂದಲೇ ಹೋದವು. ಆದರೂ "ಒಂದು ನಯಾಪೈಸೆ ಕೊಡಲ್ಲ" ಅನ್ನುವವರು ನಿಂತಿಲ್ಲ. ಆ ನಾಣ್ಯವನ್ನು ಕಣ್ಣಲ್ಲೂ ನೋಡದ ಹುಡುಗರೂ ಅಂತಾರೆ.

## ಇನ್ನೊಂಚೂರು ಆಳಕ್ಕೆ

"ಚೂರು ಕಮ್ಮಿ", "ಚೂರೂ ಕಮ್ಮಿ ಇಲ್ಲ": ಒಂದು ದೀರ್ಘದಿಂದ ಇಷ್ಟು ವ್ಯತ್ಯಾಸ ಯಾಕೆ?

ಆ "ಊ" ಚಿಕ್ಕದಲ್ಲ. ಅದು "ಅದು ಕೂಡ" ಅನ್ನುವ ಅರ್ಥದ ಊ. ಚೂರು ಕೂಡ ಇಲ್ಲ ಅಂದ ಮೇಲೆ ಅದಕ್ಕಿಂತ ಜಾಸ್ತಿ ಇರುವ ಮಾತೇ ಇಲ್ಲ. ಹೀಗೆ ಅತಿ ಚಿಕ್ಕದನ್ನು ಹಿಡಿದು ಅಲ್ಲಗಳೆದರೆ ಇಡೀ ಸಂಗತಿ ಅಲ್ಲಗಳೆದಂತೆ. ಎಳ್ಳಷ್ಟೂ, ಕಿಂಚಿತ್ತೂ, ಲವಲೇಶವೂ, ಒಂದಿನಿತೂ ಎಲ್ಲ ಇದೇ ಅಚ್ಚಿನವು.

ಇವುಗಳ ಒಂದು ಹಟ ಗಮನಿಸಿ. ನಿಷೇಧ ಇಲ್ಲದೆ ಇವು ನಿಲ್ಲುವುದಿಲ್ಲ. "ಚೂರೂ ಇಲ್ಲ" ಸರಿ, "ಚೂರೂ ಬಿಡದೆ ತಿಂದ" ಸರಿ, "ಚೂರೂ ಇದೆ" ಕನ್ನಡವೇ ಅಲ್ಲ. ಪ್ರಶ್ನೆ ಕೇಳುವಾಗ ಊ ಸರಿದು "ಆದರೂ" ಬರುತ್ತದೆ: "ಚೂರಾದರೂ ಉಳಿದಿದೆಯಾ?" ಯಾರೂ ಪಾಠ ಹೇಳಿಕೊಟ್ಟಿಲ್ಲ, ನಾಲ್ಕು ವರ್ಷದ ಮಗುವೂ ಇದನ್ನು ತಪ್ಪುವುದಿಲ್ಲ.

ಇದು ನಮ್ಮೊಬ್ಬರ ಜಾಣತನ ಅಲ್ಲ. ಫ್ರೆಂಚಿನಲ್ಲಿ ಇವತ್ತು "ಇಲ್ಲ" ಅನ್ನುವುದಕ್ಕೆ ಬರುವ "ಪಾ" ಮೂಲದಲ್ಲಿ ಒಂದು ಹೆಜ್ಜೆ. ಒಂದು ಹೆಜ್ಜೆಯೂ ನಡೆಯಲಿಲ್ಲ ಅನ್ನುವಲ್ಲಿಂದ ಹೊರಟು, ಕೊನೆಗೆ ನಿಷೇಧದ ಪದವೇ ಆಗಿಬಿಟ್ಟಿತು. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಪೈಪೋಟಿಯಾಗಿ "ಮಿ" ಅನ್ನುವ ಪದವೂ ಇತ್ತು. ಅರ್ಥ ಏನು ಗೊತ್ತಾ? ರೊಟ್ಟಿಯ ಚೂರು.

ಚೂರುಪಾರು ಅಂತೀವಲ್ಲ, ಪಾರು ಅಂದ್ರೆ ಏನು?

ಏನೂ ಇಲ್ಲ, ಜೊತೆಗೆ ಬಂದ ದನಿ. ಕನ್ನಡದಲ್ಲಿ ಜೋಡಿ ಕಟ್ಟುವ ಮಾಮೂಲಿ ದಾರಿ ಗಕಾರದ್ದು: ಊಟ ಗೀಟ, ಪುಸ್ತಕ ಗಿಸ್ತಕ. ಆ ಲೆಕ್ಕದಲ್ಲಿ ಚೂರು ಗೀರು ಆಗಬೇಕು, ಆಗುತ್ತದೆ ಕೂಡ: "ಚೂರು ಗೀರು ಬೇಡ, ಪೂರ್ತಿ ಕೊಡು." ಅದರಲ್ಲಿ ತಾತ್ಸಾರ ಇದೆ. ಚೂರುಪಾರು ಹಾಗಲ್ಲ, ಗಟ್ಟಿಯಾಗಿ ನಿಂತ ಪದ. ಅಲ್ಲೊಂದು ಇಲ್ಲೊಂದು ಉಳಿದದ್ದು ಅಂತ ಅದರ ಅರ್ಥ. "ಚೂರುಪಾರು ಕನ್ನಡ ಬರುತ್ತೆ" ಅಂದರೆ ಕೆಲವು ಪದ ಗೊತ್ತು, ನಡುವೆ ತೂತುಗಳಿವೆ ಅಂತ. "ಒಂಚೂರು ಕನ್ನಡ ಬರುತ್ತೆ" ಅಂದವರು ಎಷ್ಟೋ ಸಲ ಸರಾಗವಾಗಿ ಮಾತಾಡುತ್ತಾರೆ.

ಚೂರಿಗಿಂತ ಚಿಕ್ಕದಕ್ಕೆ ಹಳಬರ ಹತ್ತಿರ ಲೆಕ್ಕ ಇತ್ತಾ?

ಚಿನ್ನ ತೂಗುವವರಿಗೆ ಲೆಕ್ಕ ಇಲ್ಲದೆ ಆಗುತ್ತಾ! ಅವರ ತೂಕದ ಬಟ್ಟು ಗುಲಗಂಜಿ. ಕೆಂಪು ಮೈ, ತುದಿಗೆ ಕಪ್ಪು ಮಚ್ಚೆ ಇರುವ ಆ ಬೀಜದ ತೂಕ ಸುಮಾರು 0.12 ಗ್ರಾಂ. ಮನುಸ್ಮೃತಿಯ ಎಂಟನೇ ಅಧ್ಯಾಯ ಅಲ್ಲಿಂದ ಇನ್ನೂ ಕೆಳಗೆ ಇಳಿಯುತ್ತದೆ. ಒಂದು ಗುಲಗಂಜಿಗೆ 3 ಜವೆ ಕಾಳು. ಒಂದು ಜವೆಗೆ 6 ಬಿಳಿ ಸಾಸಿವೆ. ಒಂದು ಬಿಳಿ ಸಾಸಿವೆಗೆ 3 ಕರಿ ಸಾಸಿವೆ. ಒಂದು ಕರಿ ಸಾಸಿವೆಗೆ 3 ಲಿಕ್ಷಾ. ಲಿಕ್ಷಾ ಅಂದರೆ ಹೇನಿನ ಮೊಟ್ಟೆ, ನಮ್ಮ ಸೀರು. ಒಂದು ಸೀರಿಗೆ 8 ತ್ರಸರೇಣು. ಗುಣಿಸಿದರೆ ಒಂದು ಗುಲಗಂಜಿಗೆ 1,296 ತ್ರಸರೇಣು.

ತ್ರಸರೇಣು ಅಂದರೆ ಏನು ಅಂತಲೂ ಅಲ್ಲೇ ಹೇಳಿದೆ: ಕಿಟಕಿಯ ಜಾಲರಿಯಿಂದ ಬಿಸಿಲು ಒಳಗೆ ಬಿದ್ದಾಗ ಅದರಲ್ಲಿ ತೇಲುವ ಧೂಳಿನ ಕಣ. ಅದನ್ನು ತಕ್ಕಡಿಗೆ ಹಾಕಿ ತೂಗಿದವರು ಯಾರೂ ಇರಲಾರರು, ಅದರ ಕೆಲಸ ಲೆಕ್ಕವನ್ನು ಎಲ್ಲೋ ಒಂದು ಕಡೆ ಶುರು ಮಾಡುವುದು ಅಷ್ಟೇ.